ಸಣ್ಣ ಉರಿಯ ಲಿಂಗರಾಜು

ಡಲ್ಲಾಸ್‌ನಲ್ಲಿ ಬಾಯ್ಲರ್ ಇರುವ ಮನೆ ಅಂದರೆ ನಂಬುವವರು ಕಡಿಮೆ. ಬೇಸಿಗೆಯೇ ಎಂಟು ತಿಂಗಳು ಕೂತು ಉಣ್ಣುವ ಊರು ಅದು. ಅಲ್ಲಿಯ ಜನ ದುಡ್ಡು ಸುರಿಯುವುದು ಮನೆ ತಂಪು ಮಾಡುವುದಕ್ಕೆ, ಬಿಸಿ ಮಾಡುವುದಕ್ಕಲ್ಲ. ಆದರೂ ಊರಿನ ಪೂರ್ವಕ್ಕೆ, ಹಳೇ ಮರಗಳ ಒಂದು ಬೀದಿಯಲ್ಲಿ, ಕೆಂಪು ಇಟ್ಟಿಗೆಯ ಹನ್ನೆರಡು ಮನೆಗಳ ಅಪಾರ್ಟ್‌ಮೆಂಟ್ ಒಂದಿತ್ತು. ಕಟ್ಟಿಸಿದ ಪುಣ್ಯಾತ್ಮ ಯಾವುದೋ ಚಳಿ ಸೀಮೆಯಿಂದ ಬಂದವನಂತೆ. ಹಿತ್ತಲಲ್ಲಿ ಶೆಡ್ ಹಾಕಿ, ಎಮ್ಮೆ ಗಾತ್ರದ ಬಾಯ್ಲರ್ ಇಡಿಸಿ, ಬಿಸಿನೀರು ಹರಿದು ಕೋಣೆ ಬೆಚ್ಚಗೆ ಮಾಡುವ ಕಬ್ಬಿಣದ ರೇಡಿಯೇಟರನ್ನು ಮನೆಮನೆಗೂ ಕೂರಿಸಿ ಕಣ್ಣುಮುಚ್ಚಿದ. ಎಪ್ಪತ್ತು ವರ್ಷ ಕಳೆದ ಮೇಲೆ ಆ ಎಮ್ಮೆಯನ್ನು ಸಾಕುವ ಯೋಗ ಒದಗಿ ಬಂದದ್ದು ದಾವಣಗೆರೆಯ ಲಿಂಗರಾಜುಗೆ.

2001ರ ಸಂಕ್ರಾಂತಿಯ ಮರುದಿನ ಬೆಳಿಗ್ಗೆ ಓನರ್ ಮಿಸೆಸ್ ಪ್ರುಯಿಟ್ ಕೋಲೂರಿಕೊಂಡು ಶೆಡ್ಡಿಗೇ ಬಂದರು. ಕಟ್ಟಿಸಿದವನ ಮಗಳು ಆಕೆ, ವಯಸ್ಸು ಎಪ್ಪತ್ತೈದು, ಗಂಡ ಹೋಗಿ ಬಹಳ ವರ್ಷವಾಗಿತ್ತು. ಕೈಯಲ್ಲಿ ಗ್ಯಾಸ್ ಬಿಲ್ಲು. ಆ ಚಳಿಗಾಲ ಗ್ಯಾಸಿನ ಬೆಲೆ ಎಲ್ಲರ ಮನೆಯಲ್ಲೂ ಅಳು ತರಿಸಿತ್ತು. ಡಿಸೆಂಬರಿನಲ್ಲಿ ರಸ್ತೆಯ ಮೇಲೆಲ್ಲ ಐಸ್ ಕೂತಾಗ ಬಾಯ್ಲರ್ ಹಗಲೂ ರಾತ್ರಿ ಉರಿದಿತ್ತು.

"ರಾಜು, ಮೀಟರ್ ದಿನಕ್ಕೆ ಮೂವತ್ತೆಂಟು ಯೂನಿಟ್ ಓಡ್ತಾ ಇದೆ," ಅಂದರು. "ಫೆಬ್ರವರಿ ಹದಿನೈದರೊಳಗೆ ಇಪ್ಪತ್ತೆಂಟಕ್ಕೆ ಇಳಿಸು. ಇಳಿದರೆ ಇದು ಇರಲಿ. ಇಲ್ಲದಿದ್ದರೆ ಕೀಳಿಸಿ, ಮನೆಗೊಂದು ಕರೆಂಟ್ ಹೀಟರ್ ಹಾಕಿಸ್ತೀನಿ. ಹೀಟರಿನವರು ಬಂದು ಅಳತೆ ತಗೊಂಡು ಹೋಗಿ ಆಯ್ತು."

ಬಾಯ್ಲರ್ ಹೋದ ಮೇಲೆ ಬಾಯ್ಲರ್ ನೋಡುವವನ ಗತಿಯೇನು ಎಂದು ಆಕೆ ಹೇಳಲಿಲ್ಲ. ಲಿಂಗರಾಜು ಕೇಳಲೂ ಇಲ್ಲ. "ಯೆಸ್ ಮೇಡಂ" ಅಂದು ತಲೆಯಾಡಿಸಿದ. ಆಕೆ ಹೋದ ಮೇಲೆ ಮೂರು ಕಾಲಿನ ಸ್ಟೂಲಿನ ಮೇಲೆ ಕೂತು, ಬಾಯ್ಲರಿನ ಹೊಟ್ಟೆಯ ಮೇಲೆ ಅಂಗೈ ಇಟ್ಟ. ಎದೆಯೊಳಗೆ ಮಾತ್ರ ತಣ್ಣಗಾಗಿತ್ತು.

ಅವನಿಗೆ ಅದು ಬರೀ ಕೆಲಸವಾಗಿರಲಿಲ್ಲ. ಯಾಕೆ ಅಂತ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹದಿನೆಂಟು ತುಂಬಿದಾಗ ಲಿಂಗರಾಜು ದಾವಣಗೆರೆಯ ಒಂದು ಬಟ್ಟೆ ಮಿಲ್ಲಿನ ಬಾಯ್ಲರ್ ಮನೆಗೆ ಕಲ್ಲಿದ್ದಲು ಹೊರಲು ಸೇರಿದ. ಅಲ್ಲಿ ತಿಮ್ಮಯ್ಯ ಎಂಬ, ಉರಿ ನೋಡಿಕೊಳ್ಳುವ ಹಳೇ ಫೈರ್‌ಮನ್ ಇದ್ದ. ಹುಬ್ಬೆಲ್ಲ ಸುಟ್ಟುಹೋಗಿದ್ದ ಮನುಷ್ಯ, ಬಾಯಲ್ಲಿ ಯಾವಾಗಲೂ ಬೈಗುಳ. "ಉರಿ ಜೋರು ಮಾಡಾಕ ಕೋತಿಗೂ ಬರ್ತತಿ ಕಣಲೇ. ಸಣ್ಣಗೆ, ಒಂದೇ ಸಮ ಇಡೋದು ಕಲಿ. ಬಾಯ್ಲರ್‌ನ ಸುಮ್ನೆ ಬಿಡಾಕ ಬಂದೋನೇ ಫೈರ್‌ಮನ್!" ಎಂದು ಬೈದು ಬೈದೇ ಅವನು ವಿದ್ಯೆ ಕಲಿಸಿದ. ಲಿಂಗರಾಜು ಪರೀಕ್ಷೆ ಕಟ್ಟಿ ಬಾಯ್ಲರ್ ಅಟೆಂಡೆಂಟ್ ಸರ್ಟಿಫಿಕೇಟ್ ತಗೊಂಡ. ಸರ್ಕಾರಿ ಆಸ್ಪತ್ರೆಯ ನರ್ಸ್ ದಾಕ್ಷಾಯಣಿಯನ್ನು ಮದುವೆಯಾಗಿ ಮಿಲ್ ಕ್ವಾರ್ಟರ್ಸಿನಲ್ಲಿ ಸಂಸಾರ ಹೂಡಿದ. ಸಂಹಿತಾ ಹುಟ್ಟಿದಳು. ಆಮೇಲೆ ಒಂದು ದಿನ ಮಿಲ್ಲು ನಿಂತಿತು. ನಿಂತದ್ದು ನಿಂತೇ ಹೋಯಿತು.

ಅವನು ಹನ್ನೊಂದು ತಿಂಗಳು ಮನೆಯಲ್ಲಿ ಗೋಡೆಗೆ ಮುಖ ಮಾಡಿ ಕೂತ. ಆ ಹನ್ನೊಂದು ತಿಂಗಳಲ್ಲಿ ದಾಕ್ಷಾಯಣಿ ಆಸ್ಪತ್ರೆಗೂ ಹೋದಳು, ಮಗಳನ್ನೂ ನೋಡಿಕೊಂಡಳು, ಅದ್ಯಾವುದೋ ಅಮೆರಿಕದ ನರ್ಸಿಂಗ್ ಪರೀಕ್ಷೆಯನ್ನೂ ಪಾಸು ಮಾಡಿದಳು. ತೊಂಬತ್ತನಾಲ್ಕರಲ್ಲಿ ಮೂವರೂ ಡಲ್ಲಾಸ್‌ಗೆ ಬಂದಿಳಿದರು. ಅವಳಿಗೆ ದೊಡ್ಡ ಆಸ್ಪತ್ರೆಯಲ್ಲಿ ರಾತ್ರಿ ಡ್ಯೂಟಿ. ಅವನಿಗೆ ಪಕ್ಕದ ಊರು ರಿಚರ್ಡ್‌ಸನ್ನಿನ ಇಂಡಿಯನ್ ಅಂಗಡಿಯಲ್ಲಿ ಬೇಳೆ ಪ್ಯಾಕೆಟ್ ಜೋಡಿಸುವ ಕೆಲಸ. ಕನ್ನಡದವರು ಸೇರಿದ ಕಡೆಯಲ್ಲೆಲ್ಲ ಮೊದಲ ಪ್ರಶ್ನೆ ಒಂದೇ: "ಯಾವ ಕಂಪನಿ ಸಾರ್?" ಇವನು ತಡವರಿಸುವಷ್ಟರಲ್ಲಿ ಯಾರಾದರೂ ಒಳ್ಳೆ ಮನಸ್ಸಿನಿಂದಲೇ, "ಇವರು ದಾಕ್ಷಾಯಣಿ ಮೇಡಂ ಹಸ್ಬೆಂಡು" ಅನ್ನುತ್ತಿದ್ದರು. ಅದು ಸುಳ್ಳೇನಲ್ಲ. ಆದರೆ ಅಷ್ಟೇ ಆಗಿ ಉಳಿಯುವುದು ಅವನಿಗೆ ಸಂಕಟವಾಗುತ್ತಿತ್ತು.

ಆಸ್ಪತ್ರೆಗೆ ಹತ್ತಿರ, ಬಾಡಿಗೆ ಕಡಿಮೆ ಅಂತ ಅವರು ಈ ಇಟ್ಟಿಗೆಯ ಅಪಾರ್ಟ್‌ಮೆಂಟಿಗೆ ಶಿಫ್ಟ್ ಆದದ್ದು ತೊಂಬತ್ತೇಳರಲ್ಲಿ. ಆ ನವೆಂಬರಿನಲ್ಲಿ ಒಂದು ದಿನ ಇಡೀ ಕಟ್ಟಡ ತಣ್ಣಗಾಯಿತು. ಬಾಯ್ಲರ್ ರಿಪೇರಿ ಬಲ್ಲವರು ಆ ಊರಲ್ಲಿ ಬೆರಳೆಣಿಕೆ, ಅವರು ಬರುವುದಕ್ಕೆ ಎರಡು ದಿನ ಆಗುತ್ತದೆ ಎಂದು ಮಿಸೆಸ್ ಪ್ರುಯಿಟ್ ಹಿತ್ತಲಲ್ಲಿ ನಿಂತು ಕೈಚೆಲ್ಲಿದ್ದರು. ಲಿಂಗರಾಜು ಸುಮ್ಮನೆ ಶೆಡ್ಡಿನೊಳಗೆ ಹೋಗಿ ಕಿವಿಗೊಟ್ಟ. ಗ್ಯಾಸ್ ಉರಿಯುತ್ತಿದೆ, ನೀರು ಕಾದಿದೆ, ನೀರನ್ನು ತಳ್ಳುವ ಪಂಪು ಮಾತ್ರ ಸಿಕ್ಕಿಕೊಂಡು ಗುಂಯ್ ಅನ್ನುತ್ತಿದೆ. ಬಿಚ್ಚಿ, ತುಕ್ಕು ಉಜ್ಜಿ, ಎಣ್ಣೆ ಬಿಟ್ಟು ತಿರುಗಿಸಿದ. ಅರ್ಧ ಗಂಟೆಯಲ್ಲಿ ಹನ್ನೆರಡು ಮನೆಯ ರೇಡಿಯೇಟರ್‌ಗಳೂ ಬೆಚ್ಚಗಾದವು. ಮುದುಕಿ ಅವತ್ತೇ ಶೆಡ್ಡಿನ ಬೀಗದ ಕೈಯನ್ನು ಅವನ ಅಂಗೈಗೆ ಹಾಕಿ, ನೆಲಮಹಡಿಯ ಮ್ಯಾನೇಜರ್ ಮನೆಯನ್ನು ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟರು. ಅವತ್ತಿನಿಂದ ಯಾರಾದರೂ "ಯಾವ ಕಂಪನಿ?" ಅಂದರೆ ಲಿಂಗರಾಜು ಎದೆಯೆತ್ತಿ, "ಬಾಯ್ಲರ್!" ಅನ್ನುತ್ತಿದ್ದ. ಕೇಳಿದವರು ಅದನ್ನು ಒಂದು ಕಂಪನಿಯ ಹೆಸರೆಂದೇ ತಿಳಿದು ತಲೆಯಾಡಿಸುತ್ತಿದ್ದರು.

ಇನ್ನೊಂದು ಗುಟ್ಟಿದೆ. ಹೇಳಿಬಿಡುವುದು ವಾಸಿ.

ಚೆನ್ನಾಗಿ ಇಟ್ಟುಕೊಂಡ ಬಾಯ್ಲರಿಗೆ ದಿನಕ್ಕೆ ಅರ್ಧ ಗಂಟೆಯ ಕೆಲಸ ಸಾಕು. ಒತ್ತಡದ ಮುಳ್ಳು ನೋಡು, ಉರಿಯ ಬಣ್ಣ ನೋಡು, ಎಲ್ಲಾದರೂ ಸೋರುತ್ತಿದೆಯಾ ನೋಡು, ಮುಗೀತು. ಆದರೆ ದಾಕ್ಷಾಯಣಿ ವಾರಕ್ಕೆ ನಾಲ್ಕು ರಾತ್ರಿ ಡ್ಯೂಟಿ ಮಾಡಿ, ಸೋತು ಬೆಳಿಗ್ಗೆ ಎಂಟಕ್ಕೆ ಮನೆಗೆ ಬಂದು, ಇವನು ಕೆದಕಿಟ್ಟ ಉಪ್ಪಿಟ್ಟು ತಿಂದು ಮಲಗುತ್ತಿದ್ದಳು. ಅಂಥ ಹೆಂಡತಿಯ ಎದುರು ಆರಾಮಾಗಿ ಕಾಲು ಚಾಚಿ ಕೂರಲು ಇವನಿಗೆ ಮುಖವಿರಲಿಲ್ಲ. ಹಾಗಾಗಿ ಎಂಟೂವರೆಗೆ ಶೆಡ್ ಸೇರಿದರೆ ಅವಳು ಏಳುವ ಎರಡು ಗಂಟೆಯ ತನಕ ಹೊರಬರುತ್ತಿರಲಿಲ್ಲ. ಕೆಲಸ ಇಲ್ಲದಿದ್ದರೆ? ಮೂಲೆಯಲ್ಲಿ ಬಿದ್ದಿದ್ದ ಒಂದು ಹಳೇ ಪೈಪನ್ನು ಸುತ್ತಿಗೆ ತಗೊಂಡು ಟಣ್ ಟಣ್ ಅಂತ ಬಡಿಯುತ್ತಿದ್ದ. ಸದ್ದು ಕೇಳಿದರೆ ಗಂಡ ದುಡಿಯುತ್ತಿದ್ದಾನೆ ಅಂತ ಅವಳಿಗೆ ಅನ್ನಿಸಲಿ, ಹೆಂಡತಿಯ ದುಡಿಮೆಯಲ್ಲಿ ಕೂತು ತಿನ್ನುವವನು ಅಂತ ಅನ್ನಿಸದಿರಲಿ. ಮೂರು ವರ್ಷದಿಂದ ಆ ಪೈಪು ಏಟು ತಿಂದು ತಿಂದು ಸೊಟ್ಟಗಾಗಿತ್ತು.

ಈಗ ಮಾತ್ರ ನಿಜವಾದ ಕೆಲಸ ಬಂತು. ತಿಂಗಳು ಒಂದೇ, ಇಳಿಸಬೇಕಾದದ್ದು ಹತ್ತು ಯೂನಿಟ್.

ಲಿಂಗರಾಜು ಸೊಂಟ ಕಟ್ಟಿದ. ಮಿಲ್ಲಿನ ಪದ್ಧತಿಯಂತೆ ಒಂದು ಲಾಗ್ ಬುಕ್ ತೆರೆದು, ಪ್ರತಿದಿನ ಬೆಳಿಗ್ಗೆ ಏಳಕ್ಕೆ ಹಿಂದಿನ ದಿನ ಮೀಟರ್ ಎಷ್ಟು ಓಡಿತೆಂದು ಬರೆದ. ಬರ್ನರ್ ಬಿಚ್ಚಿ ಮಸಿ ತೆಗೆದ. ಹಳದಿಯಾಗಿ ನಾಲಿಗೆ ಚಾಚುತ್ತಿದ್ದ ಉರಿ ನೀಲಿಯಾಗಿ ಗಿಡ್ಡಕ್ಕೆ ನಿಂತಿತು. ಶೆಡ್ಡಿನಿಂದ ಕಟ್ಟಡಕ್ಕೆ ಹೋಗುವ ಬೋಳು ಪೈಪುಗಳಿಗೆಲ್ಲ ಬಟ್ಟೆ ಸುತ್ತಿದ ಹಾಗೆ ನಾರಿನ ಪಟ್ಟಿ ಸುತ್ತಿದ. ನೀರನ್ನು ನೂರ ಎಂಬತ್ತು ಡಿಗ್ರಿ ಫ್ಯಾರನ್‌ಹೀಟ್ ಕಾಯಿಸುತ್ತಿದ್ದುದನ್ನು ನೂರ ಅರವತ್ತಕ್ಕೆ ಇಳಿಸಿದ. ಡಲ್ಲಾಸಿನ ಚಳಿಗೆ ಅಷ್ಟು ಸಾಕು. ಇನ್ನೂ ಇಳಿಸಿದರೆ ಹೊಗೆಯೊಳಗಿನ ತೇವವೇ ನೀರಾಗಿ ಇಳಿದು ಬಾಯ್ಲರಿನ ಹೊಟ್ಟೆಯನ್ನೇ ತಿಂದುಬಿಡುತ್ತದೆ ಎಂಬುದು ಅವನಿಗೆ ಗೊತ್ತಿತ್ತು.

ಆಮೇಲೆ ಮನೆಮನೆ ದಂಡಯಾತ್ರೆ. ತನ್ನದು ಬಿಟ್ಟು ಉಳಿದ ಹನ್ನೊಂದು ಮನೆಗಳಲ್ಲಿ ಬಹುಪಾಲು ಕಾಲೇಜು ವಿದ್ಯಾರ್ಥಿಗಳು, ಅವರಲ್ಲೂ ಅರ್ಧ ನಮ್ಮ ಕಡೆಯವರು. ಎರಡನೇ ಮಹಡಿಯಲ್ಲಿ ಮೈಸೂರಿನ ಹುಡುಗಿ ನಿಶಿತಾ ಇದ್ದಳು, ಇಂಜಿನಿಯರಿಂಗ್ ಓದುತ್ತಿದ್ದಳು. ಅವಳ ರೇಡಿಯೇಟರ್ ಕಣ್ಣಿಗೇ ಬೀಳಲಿಲ್ಲ; ಮೇಲೆ ಒದ್ದೆ ಚೂಡಿದಾರ, ಟವೆಲ್ಲು, ಎರಡು ಜೀನ್ಸು.

"ಏನವ್ವಾ ಇದು, ಹಿತ್ತಲ ತಂತಿ ಅಂದ್ಕೊಂಡಿಯಾ?" ಎಂದು ಲಿಂಗರಾಜು ಒಂದೊಂದೇ ಎತ್ತಿ ಕುರ್ಚಿಗೆ ಹಾಕಿದ. "ಇದಕ್ಕೆ ನೀನು ಕಂಬಳಿ ಹೊದಿಸಿದ್ರೆ ಶಾಖ ನಿನಗೆ ಬರೋದು ಹೆಂಗೆ?"

"ಅಂಕಲ್, ಅದು ಹೇಗೂ ಅರ್ಧ ಬಿಸಿ ಆಗೋದೇ ಇಲ್ಲ. ಮೇಲ್ಗಡೆ ತಣ್ಣಗೇ ಇರತ್ತೆ. ಗುಳುಗುಳು ಅಂತ ಬೇರೆ ಸದ್ದು ಮಾಡತ್ತೆ."

"ಹೊಟ್ಟೆಯೊಳಗೆ ಗಾಳಿ ಸೇರೈತಿ. ಕೂಸಿಗೆ ಬೆನ್ನು ತಟ್ಟಿ ತೇಗಿಸ್ತಾರಲ್ಲ, ಇದಕ್ಕೂ ತೇಗಿಸ್ಬೇಕು." ಕಿಸೆಯಿಂದ ಪುಟ್ಟ ಕೀಲಿ ತೆಗೆದು ರೇಡಿಯೇಟರಿನ ತುದಿಯ ತಿರುಪನ್ನು ಸ್ವಲ್ಪವೇ ಸಡಿಲಿಸಿದ. ಉಸ್ ಅಂತ ಗಾಳಿ ಹೋಯಿತು, ಬುಳುಕ್ ಅಂತ ನೀರು ಬಂತು, ತಕ್ಷಣ ಬಿಗಿದ. ಐದು ನಿಮಿಷದಲ್ಲಿ ಮೇಲಿನ ಅರ್ಧವೂ ಬಿಸಿಯಾಯಿತು. ನಿಶಿತಾ ಚಪ್ಪಾಳೆ ತಟ್ಟಿದಳು. ಹನ್ನೊಂದು ಮನೆಯಲ್ಲೂ ಹೀಗೇ ತೇಗಿಸಿ, ಹೀಗೇ ಬೈದು, ಕಿಟಕಿ ತೆರೆದಿಟ್ಟವರಿಗೆ ಇನ್ನೂ ಎರಡು ಮಾತು ಜಾಸ್ತಿ ಬೈದು ಬಂದ. ಹುಡುಗರು ಅವನನ್ನು ಹಿಂದಿನಿಂದ "ಹೀಟ್ ಪೊಲೀಸ್" ಎಂದು ಕರೆಯತೊಡಗಿದರು.

ಇಷ್ಟೆಲ್ಲ ಮಾಡಿದ ಮೇಲೆ ಮೀಟರ್ ಇಳಿಯಿತು. ಎಷ್ಟು? ವಾರದ ಸರಾಸರಿ ಮೂವತ್ತೆಂಟರಿಂದ ಮೂವತ್ತನಾಲ್ಕಕ್ಕೆ. ಅಲ್ಲಿಗೆ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಜನವರಿ ಮುಗಿಯಿತು.

ಅವನನ್ನು ಕೊರೆಯುತ್ತಿದ್ದದ್ದು ಒಂದೇ. ಹೊರಗೆ ಬಿಸಿಲು ಚೆಲ್ಲಿರುವಾಗಲೂ ಎಷ್ಟೋ ದಿನ ಬಾಯ್ಲರ್ ಬೆಳಿಗ್ಗೆ ಒಂಬತ್ತಕ್ಕೆ ಹೊತ್ತಿಕೊಂಡರೆ ಮಧ್ಯಾಹ್ನ ಎರಡಾದರೂ ಆರುತ್ತಿರಲಿಲ್ಲ. ಉಸಿರಾಡಲೂ ಬಿಡುವಿಲ್ಲದೆ ಉರಿಯುತ್ತಿತ್ತು. ಉರಿ ನೀಲಿ, ಪಂಪು ಸರಿ, ಒತ್ತಡ ಸರಿ. ಎಲ್ಲ ಸರಿ ಇದ್ದೂ ಇದು ಯಾಕೆ ಹೀಗೆ? ಎದುರಿಗೆ ಸ್ಟೂಲ್ ಹಾಕಿಕೊಂಡು, "ಯಾಕಲೇ, ನಾನೇನು ಕಡಿಮೆ ಮಾಡೀನಿ ನಿನಗೆ?" ಎಂದು ಕೇಳಿದ್ದೂ ಉಂಟು. ಒಂದೊಂದು ಸಲ ಕಣ್ಣು ತುಂಬಿ ಬರುತ್ತಿತ್ತು. ಇನ್ನೊಂದು ಬಾಯ್ಲರ್ ಮನೆಗೆ ಬೀಗ ಬೀಳುವುದನ್ನು ನೋಡುವ ಶಕ್ತಿ ಅವನಲ್ಲಿರಲಿಲ್ಲ. ಮತ್ತೆ ಬೇಳೆ ಪ್ಯಾಕೆಟ್ಟು, ಮತ್ತೆ ಮೇಡಂ ಹಸ್ಬೆಂಡು. ದಾಕ್ಷಾಯಣಿಗೆ ಅವನು ಈ ಗಡುವಿನ ಸುದ್ದಿ ಹೇಳಿರಲೇ ಇಲ್ಲ. ಅವಳ ತಲೆಯ ಮೇಲೆ ಇನ್ನೊಂದು ಭಾರ ಯಾಕೆ?

ಫೆಬ್ರವರಿಯ ಮೊದಲ ಭಾನುವಾರ ನಿಶಿತಾ ಒಂದು ಡಬ್ಬಿ ಪುಳಿಯೋಗರೆ ಹಿಡಿದು ಶೆಡ್ಡಿಗೆ ಬಂದಳು. ಲಾಗ್ ಬುಕ್ ತೆರೆದೇ ಇತ್ತು. ಓದುವ ಹುಡುಗಿ, ಬರೆದದ್ದು ಕಂಡರೆ ಬಿಡುತ್ತಾಳೆಯೇ? ಬೆರಳಿಟ್ಟು ಸಾಲುಸಾಲಾಗಿ ಓದಿದಳು.

"ಅಂಕಲ್, ಇಲ್ನೋಡಿ. ಸೋಮವಾರ ನಲವತ್ತು, ಮಂಗಳವಾರ ನಲವತ್ತು, ಬುಧವಾರ ನಲವತ್ತೊಂದು, ಗುರುವಾರ ಮೂವತ್ತೊಂಬತ್ತು. ಶುಕ್ರವಾರದಿಂದ ಭಾನುವಾರ ಬರೀ ಇಪ್ಪತ್ತಾರು! ಪ್ರತಿ ವಾರವೂ ಹೀಗೇ ಇದೆ."

"ಗೊತ್ತು ಗೊತ್ತು. ವಾರದ ದಿನ ನೀವೆಲ್ಲ ಗಡಿಬಿಡಿಯಾಗ ಕಿಟಕಿ ತೆಗೆದಿಟ್ಟು ಓಡ್ತೀರಿ. ಅದಕ್ಕೇ ಅಲ್ವಾ ನಾನು ಬಾಯಿ ಬಡ್ಕೊಳ್ಳೋದು?"

"ಇಲ್ಲ ಅಂಕಲ್. ಮಂಗಳವಾರ ನಂಗೆ ಜ್ವರ, ಕಾಲೇಜಿಗೆ ಹೋಗ್ಲಿಲ್ಲ. ಮಧ್ಯಾಹ್ನದ ಹೊತ್ತಿಗೆ ರೂಮಲ್ಲಿ ಬೆಂದುಹೋದೆ. ತಡೆಯೋಕಾಗದೆ ಆಗ ಕಿಟಕಿ ತೆಗೆದೆ. ಇಡೀ ಬಿಲ್ಡಿಂಗ್ ಬಿಸಿ ಆಗಿದ್ರೂ ಬಾಯ್ಲರ್ ನಿಲ್ತಿಲ್ಲ ಅಂದ್ರೆ ಅದಕ್ಕೆ 'ಇನ್ನೂ ಚಳಿ ಇದೆ' ಅಂತ ಯಾರೋ ಹೇಳ್ತಾ ಇದಾರೆ. ಅದರ ಥರ್ಮೋಸ್ಟಾಟ್ ಎಲ್ಲಿದೆ?"

ಥರ್ಮೋಸ್ಟಾಟ್ ಅಂದರೆ ಬಾಯ್ಲರಿಗೆ ಅಪ್ಪಣೆ ಕೊಡುವ ಗೋಡೆಯ ಮೇಲಿನ ಸಣ್ಣ ಡಬ್ಬಿ. ಅದರ ಸುತ್ತ ಗಾಳಿ ತಣ್ಣಗಾದರೆ 'ಹೊತ್ತಿಕೋ' ಅನ್ನುತ್ತದೆ, ಬೆಚ್ಚಗಾದರೆ 'ಸಾಕು' ಅನ್ನುತ್ತದೆ. ಹಳೇ ಕಾಲದ ಕಟ್ಟಡ. ಹನ್ನೆರಡು ಮನೆಗೂ ಸೇರಿ ಡಬ್ಬಿ ಒಂದೇ.

"ನಮ್ಮ ಮನೆ ಪಡಸಾಲೆಯಾಗೈತಿ. ಅರವತ್ತೆಂಟು ಡಿಗ್ರಿಗೆ ಇಟ್ಟೀನಿ, ಯಾರೂ ಮುಟ್ಟಲ್ಲ."

"ಸೋಮವಾರದಿಂದ ಗುರುವಾರ, ಹಗಲು ಹೊತ್ತು ನಿಮ್ಮ ಮನೇಲಿ ಯಾರಿರ್ತಾರೆ ಅಂಕಲ್?"

ಸೋಮವಾರದಿಂದ ಗುರುವಾರ ಹಗಲು ಹೊತ್ತು ಆ ಮನೆಯಲ್ಲಿ ಡ್ಯೂಟಿ ಮುಗಿಸಿ ಬಂದ ದಾಕ್ಷಾಯಣಿ ಮಲಗಿರುತ್ತಾಳೆ. ಆ ಹೊತ್ತಿನಲ್ಲಿ ಅವನು ಮೂರು ವರ್ಷದಿಂದ ಒಂದು ದಿನವೂ ತನ್ನ ಮನೆಯ ಹೊಸ್ತಿಲು ತುಳಿದಿರಲಿಲ್ಲ.

ಸೋಮವಾರ ಹತ್ತು ಗಂಟೆಗೆ ಅವನು ಸುತ್ತಿಗೆ ಕೆಳಗಿಟ್ಟ. ಹಿಂಬಾಗಿಲಲ್ಲಿ ಶೂ ಬಿಚ್ಚಿ, ಕಳ್ಳನ ಹಾಗೆ ಒಳಗೆ ಕಾಲಿಟ್ಟ. ಅಡುಗೆಮನೆ ತಣ್ಣಗಿತ್ತು, ಪಡಸಾಲೆ ಅದಕ್ಕಿಂತ ತಣ್ಣಗಿತ್ತು. ಮಲಗುವ ಕೋಣೆಯ ಬಾಗಿಲು ಹಾರು ಹೊಡೆದಿತ್ತು. ಅಲ್ಲಿಂದ ಸುಯ್ಯೆಂದು ಬಂದ ಗಾಳಿ ನೆಟ್ಟಗೆ ಎದುರು ಗೋಡೆಯ ಥರ್ಮೋಸ್ಟಾಟಿಗೇ ಬಡಿಯುತ್ತಿತ್ತು. ಹಿತ್ತಲ ಕಡೆಯ ಕಿಟಕಿಯನ್ನು ಒಂದು ಗೇಣು ಮೇಲಕ್ಕೆತ್ತಿ, ಕೆಳಗೆ ಲಟ್ಟಣಿಗೆಯನ್ನು ನಿಲುವಾಗಿ ಆನಿಸಿ ನಿಲ್ಲಿಸಲಾಗಿತ್ತು. ದಾಕ್ಷಾಯಣಿ ಸ್ವೆಟರ್ ತೊಟ್ಟು, ಎರಡು ರಗ್ಗು ಹೊದ್ದು, ಗಂಡನ ಮಂಕಿ ಕ್ಯಾಪ್ ಹಾಕಿಕೊಂಡು ಮುದುಡಿ ಮಲಗಿದ್ದಳು.

ಅಯ್ಯೋ ಶಿವನೇ! ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಲ್ಲಿ ಬಿತ್ತು ಅಂದರೆ ಇದೇ. ಹನ್ನೊಂದು ಮನೆಯವರಿಗೆ ಬೈದು ಬಂದವನ ಸ್ವಂತ ಮನೆಯ ಕಿಟಕಿಯಿಂದ ಗ್ಯಾಸಿನ ದುಡ್ಡೆಲ್ಲ ಹಿತ್ತಲಿಗೆ ಹಾರಿಹೋಗುತ್ತಿತ್ತು. ಅವನಿಗೆ ನೆತ್ತಿಗೇರುವಷ್ಟು ಸಿಟ್ಟು ಬಂತು. ಚಳಿಯಲ್ಲಿ ಕಿಟಕಿ ತೆರೆದುಕೊಂಡು ಮಂಕಿ ಕ್ಯಾಪ್ ಹಾಕಿ ಮಲಗುವ ಹುಚ್ಚು ಯಾವುದಿದು? ದಬಕ್ಕನೆ ಮುಚ್ಚಿಬಿಡಬೇಕೆಂದು ಎರಡು ಹೆಜ್ಜೆ ಮುಂದಿಟ್ಟ. ಅಷ್ಟರಲ್ಲಿ ಅವಳೇ ಕಣ್ಣು ಬಿಟ್ಟಳು. ಅವನನ್ನು ನೋಡಿದವಳೇ ಎದ್ದು ಕೂತಳು, ಮುಖದಲ್ಲಿ ಗಾಬರಿ.

"ಯಾಕ್ರೀ? ಸದ್ದು ಯಾಕ್ ನಿಂತೋತು?"

"ಯಾವ ಸದ್ದು?"

"ನಿಮ್ಮ ಸುತ್ತಿಗೆ ಸದ್ದು. ಮೈ ಹುಷಾರೈತಾ? ಕೆಲಸದಾಗ ಏನರ ಆತಾ?"

ಲಿಂಗರಾಜು ಕಿಟಕಿಯನ್ನು ನೋಡಿದ. ಆ ಒಂದು ಗೇಣಿನ ಸಂದಿಯಲ್ಲಿ, ಹಿತ್ತಲಿನ ಆಚೆ, ಶೆಡ್ಡಿನ ಬಾಗಿಲು ನೇರವಾಗಿ ಕಾಣುತ್ತಿತ್ತು. ಬಂದಿದ್ದ ಸಿಟ್ಟು ಎಲ್ಲಿ ಹೋಯಿತೋ. "ದಾಕ್ಷಿ, ನೀನು ಕಿಟಕಿ ತೆಗೆಯೋದು... ನನ್ನ ಸದ್ದು ಕೇಳಾಕಾ?"

ಅವಳು ತಲೆ ತಗ್ಗಿಸಿ ರಗ್ಗಿನ ಅಂಚು ಹಿಡಿದುಕೊಂಡಳು. "ಮತ್ತೇನ್ರೀ? ಸದ್ದಿಲ್ದಿದ್ರೆ ನಂಗೆ ನಿದ್ದೆ ಹತ್ತಂಗಿಲ್ಲ. ಮಿಲ್ಲು ನಿಂತ್ ಮೇಲೆ ನೀವು ಹನ್ನೊಂದ್ ತಿಂಗಳು ಗೋಡೆ ನೋಡ್ಕಂಡು ಕೂತಿದ್ರಲ್ಲ, ಆವಾಗ ಮನೆ ಎಂಗಿತ್ತು ಗೊತ್ತೈತಾ? ಒಂದ್ ಪಿಟ್ಟಿಲ್ಲ, ಒಂದ್ ಪಿಸುಕಿಲ್ಲ. ನಾನು ಡ್ಯೂಟಿಯಿಂದ ಬಂದು ಮೊದ್ಲು ನಿಮ್ಮ ಎದೆ ಮೇಲೆ ಕೆಳಗೆ ಆಗ್ತಾ ಐತಾ ಅಂತ ನೋಡ್ತಿದ್ದೆ. ಆ ಅಂಜಿಕೆ ಇನ್ನೂ ಹೋಗಿಲ್ಲ. ಇಲ್ಲಿ ಟಣ್ ಟಣ್ ಅಂತ ಕೇಳಿದ್ರೆ, ಅಬ್ಬಾ, ಇವ್ರು ಚೆನ್ನಾಗವ್ರೆ, ಖುಷಿಯಾಗಿ ಕೆಲಸ ಮಾಡ್ತಾವ್ರೆ ಅಂತ ಮನಸ್ಸಿಗೆ ಸಮಾಧಾನ. ಹಂಗೇ ನಿದ್ದೆ ಬರ್ತತಿ. ಚಳಿ ಆದ್ರೆ ಟೋಪಿ ಹಾಕ್ಕಂಡ್ರಾತು."

ಲಿಂಗರಾಜು ಮಂಚದ ಅಂಚಿನಲ್ಲಿ ಕುಸಿದು ಕೂತ. ಆ ಹನ್ನೊಂದು ತಿಂಗಳು ತಾನೊಬ್ಬನೇ ನರಳಿದೆ ಅಂದುಕೊಂಡಿದ್ದ ಮನುಷ್ಯ ಅವನು.

"ದಾಕ್ಷಿ, ಒಂದು ಮಾತು ಹೇಳ್ತೀನಿ, ಬೈಬ್ಯಾಡ," ಅಂದ ಕೊನೆಗೆ. "ಆ ಸದ್ದು ಸುಳ್ಳು."

"ಏನು?"

"ಬಾಯ್ಲರಿಗೆ ದಿನಕ್ಕೆ ಅರ್ಧ ಗಂಟೆ ಸಾಕು. ಮಿಕ್ಕ ಹೊತ್ತೆಲ್ಲ ಹಳೇ ಪೈಪ್ ಬಡೀತಾ ಕೂತಿರ್ತೀನಿ. ನಿನ್ನ ಗಂಡ ಕೂತು ತಿಂತಾನೆ ಅಂತ ನಿನಗೆ ಅನ್ನಿಸಬಾರದು ಅಂತ."

ದಾಕ್ಷಾಯಣಿ ಅವನನ್ನೇ ದಿಟ್ಟಿಸಿದಳು. ಮಂಕಿ ಕ್ಯಾಪಿನೊಳಗಿನ ಆ ಮುಖ ಮೊದಲು ಅಳುವ ಹಾಗಾಯಿತು, ಆಮೇಲೆ ನಗು ಒತ್ತರಿಸಿ ಬಂತು. "ಮೂರು ವರ್ಷ? ಮೂರು ವರ್ಷದಿಂದ ಪೈಪ್ ಬಡಿದ್ರಾ? ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ!" ಅಂದವಳು ನಗುನಗುತ್ತಲೇ ಕಣ್ಣೊರೆಸಿಕೊಂಡಳು. "ನಿಮ್ಮನ್ನ ಯಾರ್ರೀ ಹಂಗಂದೋರು? ನಾನು ಯಾವತ್ತಾರ ಅಂದೀನಾ?"

"ನೀನು ಅಂದಿಲ್ಲ. ನಾನೇ ಅಂದ್ಕೊಂಡೆ."

ಆಮೇಲೆ ಅವನು ಎಲ್ಲ ಹೇಳಿದ. ಮುದುಕಿಯ ಗಡುವು, ಇಪ್ಪತ್ತೆಂಟು ಯೂನಿಟ್, ಲಾಗ್ ಬುಕ್, ನಿಶಿತಾ ಬೆರಳಿಟ್ಟು ತೋರಿಸಿದ ನಾಲ್ಕು ದಿನ. ಕೇಳುತ್ತಾ ಕೇಳುತ್ತಾ ದಾಕ್ಷಾಯಣಿಯ ನಗು ನಿಂತಿತು. ತನ್ನ ನೆಮ್ಮದಿಗೆ ಅಂತ ತೆರೆದ ಕಿಟಕಿ ಗಂಡನ ಕೆಲಸವನ್ನೇ ತಿನ್ನುತ್ತಿತ್ತು ಎಂದು ಅವಳಿಗೆ ತಿಳಿಯಿತು. ಎದ್ದು ಹೋಗಿ ಲಟ್ಟಣಿಗೆ ತೆಗೆದಳು, ಕಿಟಕಿ ಕೆಳಗಿಳಿಸಿ ಚಿಲಕ ಹಾಕಿದಳು. ಕೋಣೆ ಗಪ್ಪಾಯಿತು. ಅವಳಿಗೆ ಹಳೆಯ ಅಂಜಿಕೆ ಮತ್ತೆ ಎದ್ದದ್ದು ಅವನಿಗೆ ಮುಖದಲ್ಲೇ ಕಂಡಿತು.

"ನಿದ್ದೆ?" ಎಂದು ಕೇಳಿದ.

"ಬಂದಾಗ ಬರ್ಲಿ ಬಿಡ್ರಿ. ಒಂದ್ ಕೆಲಸ ಮಾಡ್ರಿ, ಹೆಂಗೂ ಅಲ್ಲಿ ಪೈಪ್ ಬಡಿಯೋದೇ ಅಲ್ವಾ? ಆ ಕುರ್ಚಿ ಎಳ್ಕಂಡು ಇಲ್ಲೇ ಕೂತ್ಕಳ್ರಿ. ಏನಾದ್ರೂ ಮಾತಾಡ್ತಾ ಇರ್ರಿ. ಸುಮ್ನಿರಬ್ಯಾಡ್ರಿ."

ಕುರ್ಚಿ ಎಳೆದುಕೊಂಡನೇನೋ ಸರಿ. ಮಾತಾಡುವುದು ಏನನ್ನು? ಇಪ್ಪತ್ತು ವರ್ಷ ದಾಟಿದ ಸಂಸಾರದಲ್ಲಿ ಹಗಲು ಹೊತ್ತು ಹೆಂಡತಿಯ ಪಕ್ಕ ಕೂತು ಹರಟಿ ಗೊತ್ತಿಲ್ಲದ ಪ್ರಾಣಿ. ಕೈಗಳನ್ನು ಎಲ್ಲಿಡಬೇಕೆಂದೂ ತಿಳಿಯದೆ ತೊಡೆಯ ಮೇಲಿಟ್ಟುಕೊಂಡ. ಕೊನೆಗೆ ಗೊತ್ತಿದ್ದ ಒಂದೇ ಕತೆಗೆ ಕೈಹಾಕಿದ.

"ನೋಡು, ಅಲ್ಲಿ ಶೆಡ್ಡಿನಾಗ ಸಣ್ಣ ಉರಿ ಹತ್ತತಿ. ಬಾಳ ಅಲ್ಲ, ಸಣ್ಣದು. ಮೇಲೆ ನೀರು ಕಾಯ್ತತಿ. ಕಾದ ನೀರನ್ನ ಪಂಪು ಮೆಲ್ಲಕೆ ತಳ್ತತಿ. ನೀರು ನೆಲದ ಕೆಳಗೆ ಹಾದು, ಗೋಡೆಯೊಳಗೆ ಹತ್ತಿ, ಮೊದ್ಲು ಮೇಲಿನ ಮನೆಗೆ ಹೋಗ್ತತಿ..."

"ಯಾರ ಮನೆಗೆ?"

"ನಿಶಿತಾ ಮನೆಗೆ ಅನ್ಕೋ. ಅಲ್ಲಿ ರೇಡಿಯೇಟರ್ ಹೊಟ್ಟೆ ತುಂಬಿ, ಒಂದೀಟು ಶಾಖ ಕೊಟ್ಟು, ಮುಂದಿನ ಮನೆಗೆ ಹೋಗ್ತತಿ. ಅಲ್ಲೂ ಒಂದೀಟು ಕೊಡ್ತತಿ. ಕೊಟ್ಟೂ ಕೊಟ್ಟೂ ತಣ್ಣಗಾಗಿ, ಸುಸ್ತಾಗಿ, ಇನ್ನೊಂದು ಪೈಪಿನಾಗ ವಾಪಸ್ ಮನೆ ಕಡೆ ತಿರುಗ್ತತಿ. ಅದಕ್ಕೆ ರಿಟರ್ನ್ ಲೈನ್ ಅಂತೀವಿ. ಬಂದ ನೀರನ್ನ ಯಾರೂ ಚೆಲ್ಲೋದಿಲ್ಲ. ಮತ್ತೆ ಅದೇ ಸಣ್ಣ ಉರಿ ಮುಂದೆ ಕೂರಿಸಿ ಬೆಚ್ಚಗೆ ಮಾಡ್ತೀವಿ. ಅದೇ ನೀರು, ಎಷ್ಟು ವರ್ಷ ಆದ್ರೂ ಅದೇ ನೀರು..."

ನೋಡಿದರೆ ದಾಕ್ಷಾಯಣಿ ನಿದ್ದೆಹೋಗಿದ್ದಳು. ಪಡಸಾಲೆಯ ಡಬ್ಬಿ ಟಿಕ್ ಎಂದಿತು. ಹಿತ್ತಲಲ್ಲಿ ಬಾಯ್ಲರ್ ಆರಿತು. ಸೋಮವಾರದ ಹಗಲು ಹನ್ನೊಂದೂಮುಕ್ಕಾಲಕ್ಕೆ ಅದು ಆರಿದ್ದನ್ನು ಅವನು ಈ ಚಳಿಗಾಲದಲ್ಲೇ ಮೊದಲ ಸಲ ಕೇಳಿದ. ಎದ್ದು ಹೋಗಿ ಮೀಟರ್ ನೋಡಬೇಕೆಂದು ಕಾಲು ತುಡಿಯಿತು. ಆದರೆ ಏಳಲಿಲ್ಲ. ಅವಳಿಗೆ ಎಚ್ಚರವಾದಾಗ ಕುರ್ಚಿ ಖಾಲಿ ಇರುವುದು ಬೇಡ ಅನ್ನಿಸಿತು.

ಮರುದಿನದಿಂದ ಅದೇ ನೇಮವಾಯಿತು. ಬೆಳಿಗ್ಗೆ ಅರ್ಧ ಗಂಟೆ ಶೆಡ್ಡು, ಆಮೇಲೆ ಕುರ್ಚಿ. ಬಾಯ್ಲರಿನ ಕತೆ ಮುಗಿದ ಮೇಲೆ ತಿಮ್ಮಯ್ಯನ ಬೈಗುಳಗಳ ಕತೆ, ಅದು ಮುಗಿದ ಮೇಲೆ ಆಸ್ಟಿನ್ನಿನಲ್ಲಿ ಓದುತ್ತಿದ್ದ ಮಗಳು ಸಂಹಿತಾ ಫೋನಿನಲ್ಲಿ ಇಂಗ್ಲಿಷಿನಲ್ಲೇ ಹೇಳಿದ ಸುದ್ದಿಯ ಕನ್ನಡ ಸಾರಾಂಶ. ಯಾವ ಕತೆಯೂ ಕೊನೆ ಮುಟ್ಟಲಿಲ್ಲ. ಅಷ್ಟರಲ್ಲಿ ಅವಳು ನಿದ್ದೆಹೋಗುತ್ತಿದ್ದಳು. ಒಂದು ದಿನ ಅವನೂ ಕೂತಲ್ಲೇ ಗೊರಕೆ ಹೊಡೆದ. ಅವಳು ಎದ್ದು, "ಈ ಸದ್ದೂ ನಡೀತತಿ ಬಿಡ್ರಿ" ಅಂದಳು.

ಫೆಬ್ರವರಿ ಹದಿನೈದು, ಗುರುವಾರ. ಮಿಸೆಸ್ ಪ್ರುಯಿಟ್ ಶೆಡ್ಡಿಗೆ ಹೋಗಿ, ಅಲ್ಲಿ ಯಾರೂ ಇಲ್ಲದ್ದು ಕಂಡು, ಲಾಗ್ ಬುಕ್ಕನ್ನು ಕಂಕುಳಲ್ಲಿಟ್ಟುಕೊಂಡು ಮ್ಯಾನೇಜರ್ ಮನೆಯ ಹಿಂಬಾಗಿಲು ತಟ್ಟಿದರು. ಲಿಂಗರಾಜು ತುಟಿಯ ಮೇಲೆ ಬೆರಳಿಟ್ಟುಕೊಂಡೇ ಬಾಗಿಲು ತೆರೆದು ಮೆಟ್ಟಿಲಿಗೆ ಬಂದ. ಮುದುಕಿ ಕನ್ನಡಕ ಸರಿಮಾಡಿಕೊಂಡು ಹಾಳೆ ತಿರುವಿದರು. ನಲವತ್ತು, ನಲವತ್ತು, ನಲವತ್ತೊಂದು. ಆಮೇಲೆ ಇಪ್ಪತ್ತೇಳು, ಇಪ್ಪತ್ತಾರು, ಇಪ್ಪತ್ತಾರು, ಮತ್ತೆ ಇಪ್ಪತ್ತಾರು. ವಾರದ ಎಲ್ಲ ದಿನವೂ ಒಂದೇ ಸಮ.

"ಹೀಟರಿನವರಿಗೆ ಬರಬೇಡಿ ಅಂತ ಫೋನ್ ಮಾಡ್ತೀನಿ," ಅಂದರು ಆಕೆ ಪುಸ್ತಕ ಮುಚ್ಚಿ. "ಬಾಯ್ಲರ್ ಇರಲಿ. ನೀನೂ ಇರು."

ಲಿಂಗರಾಜು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ.

"ಹಿಂದಿನ ವಾರಕ್ಕಿಂತ ದಿನಕ್ಕೆ ಹದಿಮೂರು ಯೂನಿಟ್ ಇಳಿದಿದೆಯಲ್ಲ," ಮುದುಕಿ ಬಿಡಲಿಲ್ಲ. "ನಮ್ಮಪ್ಪನ ಕೈಲೂ ಇದು ಆಗಿರಲಿಲ್ಲ. ಅಂಥದ್ದು ಏನು ಮಾಡಿದೆ?"

ಬರ್ನರ್ ಕ್ಲೀನ್ ಮಾಡಿದೆ ಅನ್ನಬಹುದಿತ್ತು. ಪೈಪ್ ಸುತ್ತಿದೆ ಅನ್ನಬಹುದಿತ್ತು. ಲಿಂಗರಾಜು ತನಗೆ ಬರುವ ಹರಕುಮುರುಕು ಇಂಗ್ಲಿಷಿನಲ್ಲಿ ಇದ್ದದ್ದನ್ನೇ ಹೇಳಿದ.

"ಏನೂ ಮಾಡ್ಲಿಲ್ಲ ಮೇಡಂ. ಹೆಂಡತಿ ಪಕ್ಕ ಕೂತಿದ್ದೆ."

ಮಿಸೆಸ್ ಪ್ರುಯಿಟ್ ಲಾಗ್ ಬುಕ್ಕನ್ನು ಅವನ ಕೈಗಿಟ್ಟು, "ಹಾಗಾದರೆ ಇಲ್ಲಿ ನಿಂತು ಏನು ಮಾಡ್ತಿದೀಯಾ? ಒಳಗೆ ಹೋಗು," ಅಂದರು.